ಬಚ್ಚಲಿನ ಬಿಳಿ ಜಿಡ್ಡು, ಸಂದಿನ ಕಪ್ಪು ಬೂಷ್ಟು: ಎರಡು ಕೊಳೆಗೆ ಎರಡು ಮದ್ದು

ಬೋರ್‌ವೆಲ್ ನೀರು ಬಳಸುವ ಮನೆಯ ಸ್ನಾನದ ಕೋಣೆಗೆ ಹೊಸ ಟೈಲ್ಸ್ ಕೂರಿಸಿದ ಕೆಲವೇ ತಿಂಗಳಲ್ಲಿ ಎರಡು ಬಗೆಯ ಕೊಳೆ ಕಾಣಿಸಿಕೊಳ್ಳುತ್ತದೆ. ಮೊದಲನೆಯದು, ಮೈ ತೊಳೆದ ನೀರು ಸಿಡಿಯುವ ಎತ್ತರದವರೆಗೆ ಗೋಡೆಯ ಮೇಲೆಯೂ ಬಕೆಟ್ಟು, ಮಗ್ಗುಗಳ ಒಳಮೈಯಲ್ಲಿಯೂ ಕೂರುವ ಬೂದುಬಿಳಿ ಜಿಡ್ಡು. ಬಾತ್‌ಟಬ್ ಇರುವ ಮನೆಗಳಲ್ಲಿ ಇದೇ ಜಿಡ್ಡು ನೀರು ನಿಲ್ಲುವ ಮಟ್ಟದಲ್ಲಿ ಟಬ್ಬಿನ ಸುತ್ತ ಗೆರೆ ಎಳೆದಂತೆ ಅಂಟಿಕೊಳ್ಳುತ್ತದೆ. ಎರಡನೆಯದು, ಟೈಲ್ಸ್ ಸಂದುಗಳಲ್ಲಿ ಮತ್ತು ಟಬ್ಬು ಗೋಡೆಗೆ ಸೇರುವಲ್ಲಿ ಹಚ್ಚಿದ ಸಿಲಿಕೋನ್ ಪಟ್ಟಿಯ ಮೇಲೆ ಚುಕ್ಕಿಯಾಗಿ ಹುಟ್ಟಿ ಹರಡುವ ಕಪ್ಪು ಬೂಷ್ಟು. ಎರಡೂ ಒಂದೇ ಜಾಗದಲ್ಲಿ, ಎಷ್ಟೋ ಸಲ ಒಂದರ ಮೇಲೊಂದು ಕೂತಿರುವುದರಿಂದ, ಒಂದೇ ಬಾಟಲಿ ಸುರಿದು, ಒಂದೇ ಬ್ರಷ್ಷಿನಲ್ಲಿ ತಿಕ್ಕಿ ಎರಡನ್ನೂ ತೆಗೆಯಲು ಹೊರಡುವುದು ನಮ್ಮ ರೂಢಿ. ಆದರೆ ಜಿಡ್ಡು ಸಾಬೂನು ಮತ್ತು ಸುಣ್ಣದ ಅಂಶ ಸೇರಿ ಆದ ನಿರ್ಜೀವ ವಸ್ತು. ಬೂಷ್ಟು ಬೆಳೆಯುವ ಜೀವಿ. ಒಂದಕ್ಕೆ ತಾಗುವ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ, ಮೇಲಾಗಿ ಆ ಎರಡು ಮದ್ದುಗಳು ಒಟ್ಟಿಗೆ ಸೇರಿದರೆ ವಿಷಾನಿಲ ಏಳುತ್ತದೆ. ಆದ್ದರಿಂದ ಈ ಕೆಲಸದಲ್ಲಿ ತೋಳಿನ ಬಲಕ್ಕಿಂತ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವೇ ಮುಖ್ಯವಾಗುತ್ತದೆ.

ಎಣ್ಣೆಯನ್ನೋ ಕೊಬ್ಬನ್ನೋ ಕಾಸ್ಟಿಕ್ ಸೋಡಾದೊಂದಿಗೆ ಬೇಯಿಸಿದಾಗ ದೊರೆಯುವುದು ಸಾಬೂನು. ರಸಾಯನಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅದು ಸ್ಟಿಯರಿಕ್, ಪಾಮಿಟಿಕ್, ಓಲಿಯಿಕ್ ಮೊದಲಾದ ಕೊಬ್ಬಿನಾಮ್ಲಗಳ ಸೋಡಿಯಂ ಲವಣ. ಜೊತೆಯಲ್ಲಿ ಸೋಡಿಯಂ ಇರುವವರೆಗೆ ಅದು ನೀರಿನಲ್ಲಿ ಕರಗುತ್ತದೆ, ನೊರೆ ಕೊಡುತ್ತದೆ, ಕೊಳೆಯನ್ನು ಹಿಡಿದು ಹೊರಕ್ಕೆ ಒಯ್ಯುತ್ತದೆ. ಆದರೆ ಕಲ್ಲುಪದರಗಳ ನಡುವೆ ನಿಂತು, ಹರಿದು ಬಂದ ಅಂತರ್ಜಲದಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳು ಕರಗಿರುತ್ತವೆ, ಮತ್ತು ಕೊಬ್ಬಿನಾಮ್ಲಕ್ಕೆ ಸೋಡಿಯಂಗಿಂತ ಇವುಗಳ ಜೊತೆಗಿನ ಬಂಧವೇ ಬಿಗಿ. ಒಂದು ಕ್ಯಾಲ್ಸಿಯಂ ಅಯಾನು ಎರಡು ಸಾಬೂನಿನ ಅಣುಗಳನ್ನು ಹಿಡಿದುಕೊಂಡು ಕ್ಯಾಲ್ಸಿಯಂ ಸ್ಟಿಯರೇಟ್‌ನಂಥ ಸಂಯುಕ್ತವಾಗುತ್ತದೆ. ಇದು ನೀರಿನಲ್ಲಿ ಕರಗುವುದಿಲ್ಲ, ನೊರೆ ಕೊಡುವುದಿಲ್ಲ, ಮೇಣದಂತೆ ನೀರನ್ನು ದೂರ ತಳ್ಳುತ್ತದೆ, ಸಿಕ್ಕಿದ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಮೈಯಿಂದ ಉದುರಿದ ಚರ್ಮದ ಹೊಟ್ಟು, ತಲೆಗೆ ಹಚ್ಚಿದ ಎಣ್ಣೆ, ಧೂಳು ಇವೆಲ್ಲ ಅದರೊಳಗೆ ಸಿಕ್ಕಿಕೊಂಡಾಗ ಬಿಳಿ ಬಣ್ಣ ಬೂದುಬಣ್ಣಕ್ಕೆ ತಿರುಗುತ್ತದೆ.

ಎಷ್ಟು ಸಾಬೂನು ಹೀಗೆ ವ್ಯರ್ಥವಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ನೀರಿನ ಗಡಸುತನವನ್ನು, ಎಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಪ್ರಮಾಣವನ್ನು, ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ ಎಂದು ಅಳೆಯುವುದು ವಾಡಿಕೆ. ಲೀಟರಿಗೆ 500 ಮಿಲಿಗ್ರಾಂ ಗಡಸುತನವಿರುವ ಒಂದು ಲೀಟರ್ ನೀರು ತನ್ನಲ್ಲಿರುವ ಕ್ಯಾಲ್ಸಿಯಂ ಪೂರ್ತಿ ತೀರುವವರೆಗೆ ಸುಮಾರು 3 ಗ್ರಾಂ ಸಾಬೂನನ್ನು ನುಂಗಿ, ಹೆಚ್ಚುಕಡಿಮೆ ಅಷ್ಟೇ ತೂಕದ ಜಿಡ್ಡನ್ನು ಉಗುಳಬಲ್ಲದು. ಬಕೆಟ್ ಸ್ನಾನದಲ್ಲಿ ನೀರು ಮೈಮೇಲೆ ಹರಿದು ಮೋರಿಗೆ ಹೋಗುವುದರಿಂದ ಈ ಕ್ರಿಯೆ ಪೂರ್ತಿಯಾಗಲು ಸಮಯವೂ ಸಿಗುವುದಿಲ್ಲ, ಆದ ಜಿಡ್ಡಿನಲ್ಲಿ ಬಹುಪಾಲು ನೀರಿನೊಂದಿಗೆ ಹೊರಟೂ ಹೋಗುತ್ತದೆ. ಬಾತ್‌ಟಬ್ಬಿನ ಕಥೆಯೇ ಬೇರೆ. 150 ಲೀಟರ್ ನೀರು ತುಂಬಿದ ಟಬ್ಬಿನಲ್ಲಿ ಗಡಸುತನ ಲೀಟರಿಗೆ 300 ಮಿಲಿಗ್ರಾಂ ಮಾತ್ರ ಇದ್ದರೂ, ಅದನ್ನು ತೀರಿಸಲು ಸುಮಾರು 275 ಗ್ರಾಂ, ಎಂದರೆ 125 ಗ್ರಾಂ ತೂಕದ ಎರಡು ಸಾಬೂನಿಗಿಂತ ಹೆಚ್ಚು ಬೇಕು. ಒಂದು ಸ್ನಾನಕ್ಕೆ ಯಾರೂ ಅಷ್ಟು ಬಳಸುವುದಿಲ್ಲ. ಹಾಗಾಗಿ ಟಬ್ಬಿನ ನೀರಿಗೆ ಇಳಿದ ಸಾಬೂನಿನಲ್ಲಿ ಹೆಚ್ಚಿನದೆಲ್ಲ ಜಿಡ್ಡಾಗಿ, ನೀರನ್ನು ದೂರ ತಳ್ಳುವ ಗುಣದಿಂದ ಮೇಲೆ ತೇಲಿ, ಅಂಚಿಗೆ ಸರಿದು, ನೀರು ಖಾಲಿಯಾಗುವಾಗ ಗೋಡೆಗೆ ಅಂಟಿ ಉಳಿಯುತ್ತದೆ. ಟಬ್ಬಿನ ಸುತ್ತಲಿನ ಆ ಗೆರೆ ಯಾವಾಗಲೂ ಒಂದೇ ಮಟ್ಟದಲ್ಲಿ ಮೂಡುವುದು ಈ ಕಾರಣಕ್ಕೆ.

ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 10500, ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದೆಂದು ಹೇಳಿ, ಬೇರೆ ಮೂಲವೇ ಇಲ್ಲದ ಕಡೆ 600ರವರೆಗೆ ಒಪ್ಪಿಕೊಳ್ಳುತ್ತದೆ. ಬೆಂಗಳೂರಿನ ಹೊರವಲಯ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಆಳವಾದ ಕೊಳವೆಬಾವಿಗಳ ನೀರು ಎಷ್ಟು ಗಡಸು ಎಂಬುದು ಅಲ್ಲಿ ಬೇಳೆ ಬೇಯಿಸುವವರಿಗೂ ಬಟ್ಟೆ ಒಗೆಯುವವರಿಗೂ ಗೊತ್ತು. ನದಿಯಿಂದ ಬರುವ ಕಾವೇರಿ ನೀರು ಸಾಮಾನ್ಯವಾಗಿ ಇದಕ್ಕಿಂತ ಬಹಳ ಮೆದು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತದ ಯೋಜನೆಯ ಗುರಿ ನಗರದ ಅಂಚಿನ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ನೀರು ತಲುಪಿಸುವುದು. ಆದರೆ ಸಂಪಿನಲ್ಲಿ ಕಾವೇರಿ ನೀರಿನ ಜೊತೆ ಬೋರ್‌ವೆಲ್ ನೀರನ್ನೋ ಟ್ಯಾಂಕರ್ ನೀರನ್ನೋ ಬೆರೆಸುವ ಮನೆಗಳಲ್ಲಿ ಜಿಡ್ಡು ಪೂರ್ತಿ ನಿಲ್ಲುವುದಿಲ್ಲ. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿಗಳಲ್ಲಿ ಸಾಮಾನ್ಯವಾಗಿ ನೀರು ಮೆದು, ಜಿಡ್ಡಿನ ಕಾಟ ಕಡಿಮೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗುವುದೇ ಇಲ್ಲವಾದ್ದರಿಂದ ಬೂಷ್ಟಿನ ಕಾಟ ಹೆಚ್ಚು.

ಸಾಬೂನು ಒಳ್ಳೆಯದಾದರೆ ಜಿಡ್ಡು ಕಡಿಮೆಯಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಸಾಬೂನಿನ ಹೊದಿಕೆಯ ಮೇಲೆ ಟಿಎಫ್‌ಎಂ ಎಂದು ಮುದ್ರಿಸುವ ಅಂಕಿ ಅದರಲ್ಲಿರುವ ಒಟ್ಟು ಕೊಬ್ಬಿನಂಶವನ್ನು ಹೇಳುತ್ತದೆ, ಮತ್ತು ಮೊದಲ ದರ್ಜೆಯ ಸ್ನಾನದ ಸಾಬೂನಿನಲ್ಲಿ ಇದು ಕನಿಷ್ಠ ಶೇ. 76 ಇರಬೇಕು. ಚರ್ಮಕ್ಕೆ ಇದು ಹಿತ, ಆದರೆ ಗಡಸು ನೀರಿನಲ್ಲಿ ಜಿಡ್ಡಾಗುವುದು ಇದೇ ಕೊಬ್ಬಿನಂಶ. ಸೀಗೆಕಾಯಿಯಲ್ಲಿ, ಅಂಟುವಾಳದಲ್ಲಿ ನೊರೆ ಕೊಡುವುದು ಸಪೋನಿನ್ ಎಂಬ ಬೇರೆಯೇ ಜಾತಿಯ ವಸ್ತು. ಅದು ಕ್ಯಾಲ್ಸಿಯಂ ಜೊತೆ ಸೇರಿ ಈ ಬಗೆಯ ಗಸಿ ಕಟ್ಟುವುದಿಲ್ಲ. ಹಂಡೆಯ ಪಕ್ಕದ ಹಳೆಯ ಬಚ್ಚಲುಗಳಲ್ಲಿ ಎಣ್ಣೆಜಾರು ಇದ್ದಿರಬಹುದು, ಮಸಿ ಇದ್ದಿರಬಹುದು, ಈ ಬೂದುಬಿಳಿ ಜಿಡ್ಡು ಇಷ್ಟಿರಲಿಲ್ಲ. ಈಗಿನ ದ್ರವರೂಪದ ಬಾಡಿವಾಶ್‌ಗಳಲ್ಲಿ ಹೆಚ್ಚಿನವು ಸಾಬೂನೇ ಅಲ್ಲದ ಕೃತಕ ಮಾರ್ಜಕಗಳಾದ್ದರಿಂದ ಅವೂ ಜಿಡ್ಡು ಕಟ್ಟುವುದು ಕಡಿಮೆ.

ತೆಗೆಯುವ ಕೆಲಸಕ್ಕೆ ಇಳಿಯುವ ಮುನ್ನ ಬಿಳಿಯಾಗಿ ಕಾಣುವುದೆಲ್ಲ ಸಾಬೂನಿನ ಜಿಡ್ಡಲ್ಲ ಎಂಬುದನ್ನು ಗಮನಿಸಬೇಕು. ಷವರ್‌ನ ತೂತುಗಳನ್ನು ಮುಚ್ಚುವ, ನಲ್ಲಿಯ ಬುಡದಲ್ಲಿ ಗಂಟುಗಂಟಾಗಿ ಕೂರುವ, ಗೀಸರ್ ಕಾಯಿಲ್‌ನ ಮೇಲೆ ಚಿಪ್ಪಿನಂತೆ ಬೆಳೆಯುವ ಬಿಳಿ ಪದರ ಬರೀ ಸುಣ್ಣದ್ದು, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್‌ನದು. ನೀರು ಕಾದಾಗ ಅಥವಾ ಆರಿದಾಗ ಅದು ತಾನಾಗಿ ಕೂರುತ್ತದೆ, ಅದಕ್ಕೆ ಸಾಬೂನು ಬೇಕಿಲ್ಲ. ಎರಡನ್ನೂ ಬೇರೆ ಮಾಡಿ ನೋಡುವುದು ಸುಲಭ. ಒಣಗಿದ ಪದರವನ್ನು ಉಗುರಿನಿಂದ ಕೆರೆದರೆ ಸಾಬೂನಿನ ಜಿಡ್ಡು ಮೇಣದಂತೆ ಮೆತ್ತಗೆ ಸುರುಳಿಯಾಗಿ ಏಳುತ್ತದೆ, ಬೆರಳುಗಳ ನಡುವೆ ಉಜ್ಜಿದರೆ ಜಾರುತ್ತದೆ. ಸುಣ್ಣದ ಪದರ ಉಗುರಿಗೆ ಮಣಿಯುವುದಿಲ್ಲ. ಮಣಿದರೂ ಮರಳಿನಂತೆ ಪುಡಿಯಾಗುತ್ತದೆ, ಮೇಲೆ ಒಂದು ಹನಿ ವಿನೆಗರ್ ಬಿಟ್ಟರೆ ಸಣ್ಣ ಗುಳ್ಳೆಗಳು ಏಳುತ್ತವೆ. ಗೋಡೆಯ ಮೇಲೆ ಸಾಮಾನ್ಯವಾಗಿ ಇವೆರಡೂ ಪದರಪದರವಾಗಿ ಬೆರೆತಿರುತ್ತವೆ.

ಬಿಸಿನೀರಿಗೂ ಬರಿಯ ಸಾಬೂನಿಗೂ ಜಿಡ್ಡು ಜಗ್ಗುವುದಿಲ್ಲ. ಸಾಬೂನು ಹಾಕಿ ತಿಕ್ಕುವುದೆಂದರೆ ಜಿಡ್ಡಿಗೆ ಇನ್ನಷ್ಟು ಕಚ್ಚಾವಸ್ತು ಒದಗಿಸಿದ ಹಾಗೆ. ಮೊದಲು ಬೇಕಾದದ್ದು ಆಮ್ಲ. ಆಮ್ಲದಲ್ಲಿರುವ ಹೈಡ್ರೋಜನ್ ಅಯಾನು ಕ್ಯಾಲ್ಸಿಯಂ ಜಾಗವನ್ನು ಹಿಡಿಯುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ ನೀರಿಗೆ ಇಳಿಯುತ್ತದೆ, ಗೋಡೆಯ ಮೇಲೆ ಕೊಬ್ಬಿನಾಮ್ಲ ಮಾತ್ರ ಉಳಿಯುತ್ತದೆ. ವಿನೆಗರ್ ಹಚ್ಚಿ ತೊಳೆದ ಮೇಲೂ ಗೋಡೆ ಜಾರುತ್ತದೆ ಎಂದು ಕೆಲವರು ದೂರುವುದು ಈ ಅರ್ಧಕ್ಕೆ ನಿಂತ ಕೆಲಸವನ್ನು. ಆ ಕೊಬ್ಬಿನಾಮ್ಲವನ್ನು ಎತ್ತಿ ಒಯ್ಯಲು ಮಾರ್ಜಕ ಬೇಕು, ಮತ್ತು ಇಲ್ಲಿ ಬಿಸಿನೀರು ನಿಜವಾಗಿ ನೆರವಾಗುತ್ತದೆ. ವಾಷಿಂಗ್ ಸೋಡಾ ಬಳಸಿದರೂ ಕೊಬ್ಬಿನಾಮ್ಲ ಕರಗುತ್ತದೆ, ಆದರೆ ಅದು ಮತ್ತೆ ಸಾಬೂನಾಗಿ ಕರಗುವುದರಿಂದ, ಕೊನೆಗೆ ಅದೇ ಗಡಸು ನೀರಿನಲ್ಲಿ ತೊಳೆದಾಗ ಒಂದಿಷ್ಟು ಪಾಲು ತಿರುಗಿ ಜಿಡ್ಡಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿರುವ ಕೃತಕ ಮಾರ್ಜಕಕ್ಕೆ ಈ ತೊಂದರೆಯಿಲ್ಲ.

ಮನೆಯಲ್ಲಿ ಮಾಡಿಕೊಳ್ಳುವವರಿಗೆ ಅಂಗಡಿಗಳಲ್ಲಿ ನಿಂಬೆ ಉಪ್ಪು ಎಂದು ಮಾರುವ ಸಿಟ್ರಿಕ್ ಆಮ್ಲದ ಹರಳು ಅಗ್ಗವೂ ಹೌದು, ವಿನೆಗರ್‌ನ ವಾಸನೆಯಿಲ್ಲದ್ದೂ ಹೌದು. ಒಂದು ಲೀಟರ್ ಬೆಚ್ಚಗಿನ ನೀರಿಗೆ ಸುಮಾರು 30 ಗ್ರಾಂ ಹರಳು ಕರಗಿಸಿ, ಒಂದು ಚಮಚ ಪಾತ್ರೆಯ ಲಿಕ್ವಿಡ್ ಬೆರೆಸಿ, ಸ್ಪಾಂಜಿನಿಂದ ಗೋಡೆಗೆ ಹಚ್ಚಿ 10ರಿಂದ 15 ನಿಮಿಷ ಬಿಡಬೇಕು. ಆಮ್ಲ ತನ್ನ ಕೆಲಸವನ್ನು ತೇವ ಇರುವವರೆಗೆ ಮಾತ್ರ ಮಾಡುತ್ತದೆ. ಒಣಗಲು ಬಿಟ್ಟರೆ ಕ್ಯಾಲ್ಸಿಯಂ ಸಿಟ್ರೇಟ್‌ನ ಹೊಸ ಬಿಳಿಕಲೆ ಉಳಿಯುತ್ತದೆ. ಆದ್ದರಿಂದ ನಡುವೆ ಒಮ್ಮೆ ಮತ್ತೆ ಹಚ್ಚುವುದು ಒಳ್ಳೆಯದು, ನಿಂತ ಗೋಡೆಯ ಮೇಲೆ ಹಳೆಯ ಬಟ್ಟೆಯನ್ನು ಅದ್ದಿ ಅಂಟಿಸುವುದು ಇನ್ನೂ ಒಳ್ಳೆಯದು. ಆಮೇಲೆ ಮೆದುವಾದ ಬ್ರಷ್ಷಿನಿಂದ ಉಜ್ಜಿ, ಬಿಸಿನೀರಿನಿಂದ ತೊಳೆಯಬೇಕು. ತಿಂಗಳುಗಟ್ಟಲೆ ಬೆಳೆದ ಪದರ ಒಂದೇ ಸಲಕ್ಕೆ ಹೋಗುವುದಿಲ್ಲ, ಏಕೆಂದರೆ ಆಮ್ಲ ತಾಗುವುದು ಮೇಲಿನ ಪದರಕ್ಕೆ ಮಾತ್ರ. ಆಗ ಆಮ್ಲದ ಪ್ರಮಾಣವನ್ನು ಏರಿಸುವುದಕ್ಕಿಂತ ಇದೇ ಕ್ರಮವನ್ನು ಎರಡು ಮೂರು ಸಲ ಮಾಡುವುದು ಜಾಣತನ.

ಆಮ್ಲ ಹಚ್ಚುವ ಮುನ್ನ ಕೆಳಗಿರುವ ಕಲ್ಲು ಯಾವುದು ಎಂಬುದನ್ನು ನೋಡಲೇಬೇಕು. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ಆಂಧ್ರದ ಕಡಪ ಕಲ್ಲು ಎರಡೂ ಸುಣ್ಣದ ಕಲ್ಲುಗಳು. ಅಮೃತಶಿಲೆಯೂ ಅದೇ ವಂಶದ್ದು. ಎಂದರೆ ನಾವು ಕರಗಿಸಲು ಹೊರಟ ಸುಣ್ಣದ ಪದರವೂ ನೆಲದ ಕಲ್ಲೂ ಆಮ್ಲದ ದೃಷ್ಟಿಯಲ್ಲಿ ಒಂದೇ. ನಿಂಬೆಹಣ್ಣಿನ ರಸ ಬಿದ್ದರೂ ಈ ಕಲ್ಲುಗಳ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ಅಂಥ ನೆಲದ ಮೇಲೆ ಮಾರ್ಜಕ ಮತ್ತು ಬಿಸಿನೀರು ಹಾಕಿ ತಾಳ್ಮೆಯಿಂದ ಉಜ್ಜುವುದೊಂದೇ ದಾರಿ. ಗ್ರಾನೈಟ್ ಮತ್ತು ಸೆರಾಮಿಕ್ ಟೈಲ್ಸ್ ದುರ್ಬಲ ಆಮ್ಲವನ್ನು ತಡೆದುಕೊಳ್ಳುತ್ತವೆ. ಆದರೆ ಟೈಲ್ಸ್ ಸಂದಿಗೆ ತುಂಬಿದ ವೈಟ್ ಸಿಮೆಂಟ್ ಕೂಡ ಕ್ಯಾಲ್ಸಿಯಂ ಸಂಯುಕ್ತವೇ ಆಗಿರುವುದರಿಂದ, ಮೊದಲು ಸಂದಿಗೆ ನೀರು ಕುಡಿಸಿ ಆಮೇಲೆ ಆಮ್ಲ ಹಚ್ಚಿದರೆ ಅದು ಆಳಕ್ಕೆ ಇಳಿಯುವುದು ತಪ್ಪುತ್ತದೆ.

ಬಾತ್‌ರೂಮ್ ಆಸಿಡ್ ಎಂದು ಬಾಟಲಿಯಲ್ಲಿ ಸಿಗುವ ಹೈಡ್ರೋಕ್ಲೋರಿಕ್ ಆಮ್ಲವನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಜಿಡ್ಡು ಬೇಗ ಹೋಗುತ್ತದೆ, ನಿಜ. ಅದರ ಜೊತೆಗೆ ಸಂದಿನ ಸಿಮೆಂಟ್ ತಿಂದುಹೋಗುತ್ತದೆ, ನಲ್ಲಿಗಳ ಕ್ರೋಮ್ ಲೇಪನ ಕಪ್ಪಾಗುತ್ತದೆ, ಹೊಗೆ ಮೂಗಿಗೆ ಅಡರುತ್ತದೆ. ಸಂದು ಟೊಳ್ಳಾದಷ್ಟೂ ನೀರು ಹೆಚ್ಚು ನಿಲ್ಲುತ್ತದೆ, ನೀರು ನಿಂತಷ್ಟೂ ಬೂಷ್ಟು ಹೆಚ್ಚುತ್ತದೆ. ಹೀಗೆ ಒಂದು ಕೊಳೆಯನ್ನು ಓಡಿಸುವ ಅವಸರ ಇನ್ನೊಂದಕ್ಕೆ ಮನೆ ಕಟ್ಟಿಕೊಡುತ್ತದೆ.

ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿಯುವ ವಿಡಿಯೊಗಳು ಮೊಬೈಲಿನಲ್ಲಿ ದಿನಾ ಬರುತ್ತಿರುತ್ತವೆ. ನೊರೆ ಉಕ್ಕುವುದು ಕಣ್ಣಿಗೆ ಚೆಂದ, ಆದರೆ ಅಲ್ಲಿ ನಡೆಯುತ್ತಿರುವುದು ಆಮ್ಲವೂ ಕ್ಷಾರವೂ ಒಂದನ್ನೊಂದು ಕೊಂದುಕೊಳ್ಳುವ ಕೆಲಸ. ಉಕ್ಕಿದ್ದು ಕಾರ್ಬನ್ ಡೈಆಕ್ಸೈಡ್, ಉಳಿದದ್ದು ಸೋಡಿಯಂ ಅಸಿಟೇಟ್ ಕರಗಿದ ನೀರು. ಜಿಡ್ಡನ್ನು ಒಡೆಯಬೇಕಿದ್ದ ಆಮ್ಲ ಆ ಹೊತ್ತಿಗೆ ಮುಗಿದಿರುತ್ತದೆ. ಅಡುಗೆ ಸೋಡಾವನ್ನು ಬೇರೆಯಾಗಿ, ನೀರಿನಲ್ಲಿ ಕಲಸಿ, ಟಬ್ಬಿನ ಮೇಲೆ ಗೀರು ಬೀಳದ ಹಾಗೆ ಉಜ್ಜಲು ಬಳಸಬಹುದು. ಆಮ್ಲದ ಕೆಲಸ ಮುಗಿದು ತೊಳೆದಾದ ಮೇಲೆ ಬಳಸಿದರೆ ಎರಡಕ್ಕೂ ಬೆಲೆ.

ಇನ್ನು ಬೂಷ್ಟಿನ ವಿಷಯ. ಶಿಲೀಂಧ್ರಗಳ ಬೀಜಾಣುಗಳು ಎಲ್ಲ ಮನೆಗಳ ಗಾಳಿಯಲ್ಲೂ ತೇಲುತ್ತಿರುತ್ತವೆ, ಅವನ್ನು ಹೊರಗಿಡಲು ಆಗುವುದಿಲ್ಲ. ಅವು ಮೊಳೆಯಲು ಬೇಕಾದದ್ದು ಒಣಗದ ಮೇಲ್ಮೈ ಮತ್ತು ಒಂದಿಷ್ಟು ಆಹಾರ. ಟೈಲ್ಸ್‌ನ ಗಾಜುಮೈ ಅವುಗಳಿಗೆ ಆಹಾರವಲ್ಲ. ಅದರ ಮೇಲೆ ಕೂತ ಸಾಬೂನಿನ ಜಿಡ್ಡು, ಅದರಲ್ಲಿ ಸಿಕ್ಕಿಕೊಂಡ ಚರ್ಮದ ಹೊಟ್ಟು, ಎಣ್ಣೆ ಇವು ಆಹಾರ. ಕ್ಲ್ಯಾಡೋಸ್ಪೋರಿಯಂ, ಆರಿಯೋಬೇಸಿಡಿಯಂ ಮೊದಲಾದವು ಬಚ್ಚಲಿನಲ್ಲಿ ಸಾಮಾನ್ಯವಾಗಿ ಕಾಣುವ ಶಿಲೀಂಧ್ರಗಳು. ಅವುಗಳ ಕಪ್ಪಿಗೆ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಬಕೆಟ್ಟಿನ ತಳದಲ್ಲಿ, ಷವರ್ ಪರದೆಯ ಅಂಚಿನಲ್ಲಿ ಕಾಣುವ ಗುಲಾಬಿ ಬಣ್ಣದ ಲೋಳೆ ಮಾತ್ರ ಹೆಚ್ಚಾಗಿ ಶಿಲೀಂಧ್ರವಲ್ಲ, ಸೆರೇಷಿಯಾ ಮಾರ್ಸೆಸೆನ್ಸ್‌ನಂಥ ಬ್ಯಾಕ್ಟೀರಿಯಾದ ಬೆಳೆ. ಮಾರ್ಜಕ ಹಾಕಿ ಉಜ್ಜಿ ಒಣಗಿಸಿದರೆ ಅದು ಸುಲಭವಾಗಿ ಹೋಗುತ್ತದೆ, ಒದ್ದೆ ಬಿಟ್ಟರೆ ಅಷ್ಟೇ ಸುಲಭವಾಗಿ ಮರಳುತ್ತದೆ.

ಕಪ್ಪು ಬೂಷ್ಟಿಗೆ ಎಲ್ಲರೂ ಬಳಸುವುದು ಬ್ಲೀಚ್, ಎಂದರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಅದು ಶಿಲೀಂಧ್ರವನ್ನು ಕೊಲ್ಲುತ್ತದೆ, ಕಪ್ಪು ಬಣ್ಣವನ್ನೂ ಅಳಿಸುತ್ತದೆ. ಆದರೆ ಸಾವಯವ ಕೊಳೆ ಯಾವುದಿದ್ದರೂ ಅದರ ಮೇಲೆ ಬ್ಲೀಚ್ ತನ್ನ ಶಕ್ತಿಯನ್ನು ಖರ್ಚು ಮಾಡಿಬಿಡುತ್ತದೆ. ಜಿಡ್ಡಿನ ಪದರ ಹಾಗೇ ಇರುವಾಗ ಬ್ಲೀಚ್ ಸುರಿದರೆ ಅದು ಮೇಲೆಯೇ ತೀರಿಹೋಗಿ, ಕೆಳಗಿನ ಬೂಷ್ಟಿನ ಬೇರು ಹಾಗೇ ಉಳಿಯುತ್ತದೆ. ಹದಿನೈದು ದಿನದಲ್ಲಿ ಕಪ್ಪು ಮತ್ತೆ ಕಾಣಿಸಿಕೊಳ್ಳುತ್ತದೆ. ಮೊದಲು ಜಿಡ್ಡು, ಆಮೇಲೆ ಬೂಷ್ಟು ಎನ್ನಲು ಇದೊಂದು ಕಾರಣ. ಒಂದು ಭಾಗ ಬ್ಲೀಚ್‌ಗೆ ಸುಮಾರು ಹತ್ತು ಭಾಗ ತಣ್ಣೀರು ಬೆರೆಸಿದರೆ ಸಾಕು. ಬಿಸಿನೀರು ಬ್ಲೀಚನ್ನು ಕೆಡಿಸುತ್ತದೆ. ಸಂದುಗಳಲ್ಲಿ ದ್ರಾವಣ ಜಾರಿಹೋಗದಂತೆ ಟಿಶ್ಯೂ ಕಾಗದವನ್ನು ಹುರಿಮಾಡಿ, ಅದ್ದಿ, ಕಪ್ಪಿನ ಉದ್ದಕ್ಕೂ ಒತ್ತಿ 10 ನಿಮಿಷ ಬಿಟ್ಟು ತೆಗೆದರೆ ಉಜ್ಜುವ ಶ್ರಮವೇ ಉಳಿಯುತ್ತದೆ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಬಳಸುವವರು ಅದನ್ನು ನೀರಿನಲ್ಲಿ ಕದಡಿ, ಸುಣ್ಣದ ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಬೇಕು. ಇಲ್ಲವಾದರೆ ಬಿಳಿ ಪದರ ಇನ್ನೊಂದು ಬಗೆಯಲ್ಲಿ ಮರಳುತ್ತದೆ.

ಅಪಾಯ ಇರುವುದು ಇಲ್ಲಿ. ಬ್ಲೀಚ್ ಅಥವಾ ಬ್ಲೀಚಿಂಗ್ ಪೌಡರ್ ಮೇಲೆ ಯಾವುದೇ ಆಮ್ಲ, ಅದು ವಿನೆಗರ್ ಆಗಲಿ, ನಿಂಬೆ ಉಪ್ಪಾಗಲಿ, ಕಮೋಡಿಗೆ ಹಾಕುವ ಟಾಯ್ಲೆಟ್ ಕ್ಲೀನರ್ ಆಗಲಿ, ಬಿದ್ದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ನೆಲದ ಮಟ್ಟದಲ್ಲಿ ನಿಲ್ಲುತ್ತದೆ, ಮತ್ತು ಬಚ್ಚಲು ತೊಳೆಯುವವರು ಕುಕ್ಕುರುಗಾಲಿನಲ್ಲಿ ಕೂತು, ಮುಖ ಬಗ್ಗಿಸಿ ಕೆಲಸ ಮಾಡುತ್ತಿರುವುದೂ ಅದೇ ಮಟ್ಟದಲ್ಲಿ. ಕಮೋಡೂ ಸ್ನಾನವೂ ಒಂದೇ ಕೋಣೆಯಲ್ಲಿರುವ ಮನೆಗಳಲ್ಲಿ ಒಂದು ಮೂಲೆಗೆ ಟಾಯ್ಲೆಟ್ ಕ್ಲೀನರ್, ಇನ್ನೊಂದು ಗೋಡೆಗೆ ಬ್ಲೀಚ್ ಹಾಕಿ, ಎರಡೂ ಹರಿದು ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಜಾಲರಿಯ ಕೆಳಗೆ ಸೇರುವ ಸಾಧ್ಯತೆಯನ್ನು ಯಾರೂ ನೆನೆಯುವುದಿಲ್ಲ. ಅಮೋನಿಯ ಇರುವ ಗಾಜಿನ ಕ್ಲೀನರ್‌ನೊಂದಿಗೂ ಬ್ಲೀಚ್ ಸೇರಬಾರದು, ಅಲ್ಲಿ ಹುಟ್ಟುವ ಕ್ಲೋರಮೀನ್ ಕೂಡ ಶ್ವಾಸಕೋಶಕ್ಕೆ ವಿಷ. ಆಮ್ಲದ ಕೆಲಸವನ್ನು ಒಂದು ದಿನ, ಬ್ಲೀಚ್‌ನ ಕೆಲಸವನ್ನು ಇನ್ನೊಂದು ದಿನ ಇಟ್ಟುಕೊಂಡು, ನಡುವೆ ನೆಲವನ್ನೂ ಟ್ರ್ಯಾಪನ್ನೂ ಧಾರಾಳ ನೀರಿನಲ್ಲಿ ತೊಳೆದರೆ ಈ ಭಯವಿಲ್ಲ. ಕೈಗವಸು, ತೆರೆದ ಬಾಗಿಲು, ಓಡುತ್ತಿರುವ ಎಕ್ಸಾಸ್ಟ್ ಫ್ಯಾನ್ ಎರಡೂ ದಿನ ಬೇಕು. ಮನೆಗೆಲಸಕ್ಕೆ ಬರುವವರ ಕೈಗೆ ಎರಡು ಬಾಟಲಿ ಕೊಟ್ಟು ಹೋಗುವ ಮುನ್ನ ಈ ಮಾತನ್ನು ಬಾಯಿಬಿಟ್ಟು ಹೇಳುವುದು ಮನೆಯವರ ಹೊಣೆ.

ಬಾತ್‌ಟಬ್ ಇರುವವರಿಗೆ ಒಂದೆರಡು ಮಾತು. ನಮ್ಮಲ್ಲಿ ಈಗ ಸಿಗುವ ಟಬ್ಬುಗಳಲ್ಲಿ ಹೆಚ್ಚಿನವು ಅಕ್ರಿಲಿಕ್‌ನವು. ಅಕ್ರಿಲಿಕ್‌ಗೆ ಸಿಟ್ರಿಕ್ ಆಮ್ಲದಿಂದ ತೊಂದರೆಯಿಲ್ಲ, ಆದರೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ಮತ್ತು ಒರಟು ಪುಡಿ ಅದರ ಮೇಲೆ ಕೂದಲೆಳೆಯಂಥ ಗೀರುಗಳನ್ನು ಮಾಡುತ್ತವೆ, ಮುಂದಿನ ಜಿಡ್ಡು ಆ ಗೀರುಗಳಲ್ಲೇ ಮೊದಲು ನೆಲೆಯೂರುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್ ಅಕ್ರಿಲಿಕ್ಕನ್ನೇ ಕರಗಿಸುತ್ತದೆ. ಹಳೆಯ ಬಂಗಲೆಗಳಲ್ಲಿ, ಕ್ಲಬ್ಬುಗಳಲ್ಲಿ ಉಳಿದಿರುವ ಎನಾಮಲ್ ಲೇಪಿತ ಎರಕದ ಕಬ್ಬಿಣದ ಟಬ್ಬುಗಳಿಗೆ ಇದು ಉಲ್ಟಾ: ಅವು ಉಜ್ಜುವುದನ್ನು ಹೆಚ್ಚು ತಾಳುತ್ತವೆ, ಆಮ್ಲವನ್ನು ತಾಳುವುದಿಲ್ಲ. ಎನಾಮಲ್ ಒಮ್ಮೆ ಹೊಳಪು ಕಳೆದುಕೊಂಡರೆ ತಿರುಗಿ ಬರುವುದಿಲ್ಲವಾದ್ದರಿಂದ ಅಲ್ಲಿ ಮಾರ್ಜಕವನ್ನೇ ನೆಚ್ಚಿಕೊಳ್ಳಬೇಕು.

ಎರಡೂ ಕೊಳೆ ಮತ್ತೆ ಬೆಳೆಯಲು ಬೇಕಾದ ಒಂದು ವಸ್ತು ಒಂದೇ: ಮೇಲ್ಮೈಯ ಮೇಲೆ ನಿಂತು ಆರುವ ನೀರು. ನೆಲ ಎಳೆಯಲು ಇಟ್ಟಿರುವಂಥದೇ ಸಣ್ಣ ರಬ್ಬರ್ ವೈಪರ್ ಒಂದನ್ನು ಗೋಡೆಗೆಂದೇ ಇಟ್ಟುಕೊಂಡು, ಕೊನೆಯವರ ಸ್ನಾನ ಮುಗಿದ ಮೇಲೆ ಎಳೆದು, ಫ್ಯಾನ್ ಇನ್ನೊಂದಿಷ್ಟು ಹೊತ್ತು ಓಡಲು ಬಿಟ್ಟರೆ ತೊಳೆಯುವ ಕೆಲಸದ ಪಾಲು ಬಹಳ ಇಳಿಯುತ್ತದೆ. ಇಡೀ ಮನೆಗೆ ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಹಾಕಿಸುವವರು ತಿಳಿದಿರಬೇಕಾದದ್ದು, ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ, ಕ್ಯಾಲ್ಸಿಯಂ ಹಿಡಿಯುವ ಅದರ ರೆಸಿನ್‌ಗೆ ಆಗಾಗ ಉಪ್ಪು ಹಾಕುತ್ತಿರಬೇಕು, ಆಗ ಹೊರಬರುವ ಉಪ್ಪುನೀರನ್ನು ಗಿಡಗಳಿಗೆ ಬಿಡಬಾರದು. ಚಾವಣಿಯ ಮಳೆನೀರನ್ನು ಸಂಪಿಗೆ ಇಳಿಸಿಕೊಳ್ಳುವ ಮನೆಗಳಲ್ಲಿ ಆ ತಿಂಗಳುಗಳಲ್ಲಿ ಜಿಡ್ಡು ತಾನಾಗಿ ಕಡಿಮೆಯಾಗುತ್ತದೆ.

ಸಿಲಿಕೋನ್ ಪಟ್ಟಿಯ ಕಪ್ಪು ಮಾತ್ರ ಕೆಲವು ಸಲ ಯಾವ ಮದ್ದಿಗೂ ಬಗ್ಗುವುದಿಲ್ಲ. ಬೂಷ್ಟಿನ ಎಳೆಗಳು ಪಟ್ಟಿಯ ಒಳಕ್ಕೂ ಹಿಂಭಾಗಕ್ಕೂ ಇಳಿದಿದ್ದರೆ ಬ್ಲೀಚ್ ಅಲ್ಲಿಗೆ ತಲುಪುವುದೇ ಇಲ್ಲ. ಎರಡು ಸಲ ಟಿಶ್ಯೂ ಹುರಿಯಿಟ್ಟ ಮೇಲೂ ಕಪ್ಪು ಹಾಗೇ ಉಳಿದರೆ ಹಳೆಯ ಪಟ್ಟಿಯನ್ನು ಬ್ಲೇಡಿನಿಂದ ಪೂರ್ತಿ ಕತ್ತರಿಸಿ ತೆಗೆದು, ಸಂದನ್ನು ತೊಳೆದು, ಒಂದು ದಿನವಾದರೂ ಒಣಗಲು ಬಿಟ್ಟು, ಬೂಷ್ಟು ನಿರೋಧಕ ಬೆರೆತ ಸ್ಯಾನಿಟರಿ ಸಿಲಿಕೋನ್ ತುಂಬಬೇಕು. ಒದ್ದೆ ಸಂದಿನ ಮೇಲೆ, ಅಥವಾ ಹಳೆಯ ಪಟ್ಟಿಯ ಮೇಲೆಯೇ ಹೊಸದನ್ನು ಎಳೆದರೆ ಅದು ಅಂಟುವುದಿಲ್ಲ. ಹೊಸ ಪಟ್ಟಿ ಗಟ್ಟಿಯಾಗುವವರೆಗೆ, ಟ್ಯೂಬಿನ ಮೇಲೆ ಬರೆದ ಅವಧಿ ಮುಗಿಯುವವರೆಗೆ, ಅಲ್ಲಿ ಸ್ನಾನ ಮಾಡಬಾರದು.